ಕಾಫಿ ಕಲರ್ ಪ್ಲೇನ್ ಬಟ್ಟಿ: ಪಾಪ್ಲಿನ್, ಖಾದಿ, ಮಿಕ್ಸ್ ಮೂರೂ ಹೊಲದು ನೋಡಿದ್ಮ್ಯಾಲ

ನಮ್ಮವ್ವನ ಹಳೇ ಸೀರಿ ಆರು ಇದ್ವು, ಎರಡು ಇಳಕಲ್, ಉಳಿದವು ಹೂವಿನ ಪ್ರಿಂಟಿನ ಕಾಟನ್. ಅವನ್ನ ಕೌದಿ ಮಾಡ್ಬೇಕಂತ ಕುಂತಾಗ ತುಂಡಿನ ನಡುವ ಹಾಕ್ಲಿಕ್ಕ ಒಂದು ಪ್ಲೇನ್ ಬಟ್ಟಿ ಬೇಕಾಯ್ತು. ಮೊದ್ಲ ಕರೀದು ಇಟ್ಟು ನೋಡ್ದೆ, ಒಂದೊಂದು ತುಂಡೂ ಕಡದಿಟ್ಟಂಗ ಬ್ಯಾರೆ ಬ್ಯಾರೆ ನಿಂತ್ವು. ಕಾಫಿ ಕಲರ್ ಇಟ್ಟ ಕೂಡ್ಲೇ ಸೆರಗಿನ ಕೆಂಪು, ಹಳದಿ ಹೂವು ಎಲ್ಲಾ ಒಂದೇ ಮನಿಯವ್ರಂಗ ಕೂಡ್ಕೊಂಡ್ವು ನೋಡ್ರಿ. ಹಂಗಾಗಿ ಕಲಬುರಗಿ ಸೂಪರ್ ಮಾರ್ಕೆಟ್ ಕಡಿಗೆ ಹೋಗಿ ಮೂರು ನಮೂನಿ ತಂದೆ, ಪಾಪ್ಲಿನ್ (ಒತ್ತಾಗಿ ನೇಯ್ದ ನುಣುಪು ಕಾಟನ್), ಖಾದಿ, ಪಾಲಿಸ್ಟರ್ ಮಿಕ್ಸ್. ಕೌದಿ, ದಿಂಬಿನ ಕವರ್, ಕಿಟಕಿ ಪರದೆ ಎಲ್ಲಾದಕ್ಕೂ ಹಾಕಿ ನೋಡೀನಿ.

ಹೊಲಿಯೋಕಿಂತ ಮೊದ್ಲು ಮೂರರಾಗೂ 10 ಇಂಚಿನ ಚೌಕ ಕತ್ತರಿಸಿ ಒಂದು ಬಿಳಿ ಚಿಂದಿ ಜೋಡಿ ಒಗದೆ. ಪಾಪ್ಲಿನ್ ಕಾಲಿಂಚು ಕುಗ್ಗಿತು, ಖಾದಿ ಅರ್ಧ ಇಂಚೇ ಹೋಯ್ತು, ಮಿಕ್ಸ್ ಇದ್ದಂಗೇ ಇತ್ತು. ಖಾದಿ ಬಣ್ಣಾನೂ ಬಿಡ್ತು, ನೀರು ಚಹಾ ಆದಂಗ ಆಯ್ತು, ಬಿಳಿ ಚಿಂದಿ ಬಾದಾಮಿ ಆಗಿ ಕುಂತಿತ್ತು, ಮೂರನೇ ಸಲ ಒಗದ ಮ್ಯಾಲ ನಿಂತದ. ಇದನ್ನ ಒಗೀದೇ ಕೌದಿಗೆ ಹಾಕಿದ್ರ ತಿಳಿ ಬಣ್ಣದ ಸೀರಿ ತುಂಡೆಲ್ಲಾ ಹಾಳಾಗ್ತಿದ್ವು.

ಕೌದಿಗೆ ಪಾಪ್ಲಿನ್ನೇ ರೀ, ನನಗಂತೂ ಅದರಾಗ ಅನುಮಾನ ಇಲ್ಲ. ಉಗುರಿಲೆ ಗೀರಿ ಮಡಚಿದ್ರ ಮಡಚಿದಂಗೇ ನಿಲ್ತದ, ಮೂರು ಪದರದಾಗೂ ಕೈಸೂಜಿ ಸರಾಗ ಹೋಗ್ತದ, ನಮ್ಮವ್ವಗ ಈಗ ಬೆರಳು ನೋಯ್ತಾವ, ಆಕಿನೂ ದಿನಾ ಎರಡು ಸಾಲು ಹಾಕ್ತಾಳ. ಆದ್ರ ಪಾಪ್ಲಿನ್ ಪರದೆಗೆ ಬ್ಯಾಡ. ನಮ್ಮ ಹಾಲ್‌ನಾಗಿನ ಕಿಟಕಿ ಪಡುವಣಕ್ಕ ಅದ, ಏಪ್ರಿಲ್-ಮೇದಾಗ 40 ಡಿಗ್ರಿ ದಾಟೋ ಬಿಸಿಲು ಸೀದಾ ಬೀಳ್ತದ, ಒಂದೇ ಬ್ಯಾಸಗಿಗೆ ಪರದೆ ಮಡಿಕಿ ಎದ್ದಲ್ಲೆಲ್ಲಾ ಕೆಂಪಗ ಆಯ್ತು, ತಗ್ಗಿದ್ದಲ್ಲಿ ಹಳೇ ಕಾಫಿನೇ ಉಳೀತು. ಯಾಕಂದ್ರ ಕಂದು ಅನ್ನೋದು ಸಾಧಾರಣ ಒಂದೇ ಬಣ್ಣಲೆ ಬರಲ್ಲ, ಕೆಂಪು, ಹಳದಿ, ನೀಲಿ ಅಥವಾ ಕರಿ ಕೂಡಿಸಿ ಮಾಡಿರ್ತಾರ, ಬಿಸಿಲಿಗೆ ಅದರಾಗ ಒಂದು ಲಗೂ ಹಾರ್ತದ, ಒಂದು ಉಳೀತದ, ಹಂಗಾಗಿ ಮಾಸಿದಾಗ ತಿಳಿ ಕಂದು ಆಗೋದಿಲ್ಲ, ಬ್ಯಾರೆ ಬಣ್ಣಾನೇ ಆಗ್ತದ.

ಅದೇ ಕಿಟಕಿಗೆ ಈಗ ಮಿಕ್ಸ್ ಹಾಕಿ ಎರಡು ಬ್ಯಾಸಗಿ ಆಯ್ತು, ಬಣ್ಣ ಗಟ್ಟಿ ಅದ, ಒಗದು ಹಾಕಿದ್ರ ಲಗೂ ಒಣಗ್ತದ. ಕೌದಿಗೆ ಹಾಕಿದ್ದು ಮಾತ್ರ ಬಿಚ್ಚಬೇಕಾಯ್ತು. ಪದರು ಜಾರ್ತಾವ, ಇಸ್ತ್ರಿ ಮಾಡಿದ್ರೂ ಮಡಿಕಿ ಎದ್ದು ಬರ್ತದ, ಇಸ್ತ್ರಿ ಸ್ವಲ್ಪ ಜಾಸ್ತಿ ಕಾದ್ರ ಹೊಳಪು ಕಲೆ ಬೀಳ್ತದ, ಹೊದ್ಕೊಂಡ್ರ ಬೆವರು.

ಖಾದಿ ದಿಂಬಿನ ಕವರಿಗೆ ಛಲೋ. ಕೈಯಿಂದ ನೂತ ನೂಲು ನೋಡ್ರಿ, ಒಂದು ಕಡಿ ದಪ್ಪ ಒಂದು ಕಡಿ ತೆಳು, ಪ್ಲೇನ್ ಬಣ್ಣಾನೂ ಅದರಾಗ ಜೀವ ಇದ್ದಂಗ ಕಾಣ್ತದ. ಅಂಚು ಭಾಳ ಎಳಿ ಬಿಡ್ತದ, ಅರ್ಧ ಇಂಚು ಮಾರ್ಜಿನ್ ಬಿಟ್ಟೇ ಕತ್ತರಿಸ್ರಿ, ಮಷಿನ್‌ಗೆ ನಾನು 16 ನಂಬರ್ ಸೂಜಿ ಹಾಕ್ದೆ.

ಯಾವುದೇ ತಗೊಳ್ರಿ, ಅಂಗಡಿ ಟ್ಯೂಬ್‌ಲೈಟ್ ನಂಬಬ್ಯಾಡ್ರಿ, ಥಾನ್ ಬಾಗಿಲ ಹೊರಗ ತಂದು ಬಿಸಿಲಾಗ ನೋಡ್ರಿ, ಒಂದು ಕಾಫಿ ಕೆಂಪಿಗೆ ಹೊರಳ್ತದ, ಇನ್ನೊಂದು ಹಸರಿಗೆ. ಬೇಕಾದಷ್ಟೂ ಒಂದೇ ಥಾನಿನಾಗ ಕತ್ತರಿಸ್ಕೋರಿ, ಮುಂದಿನ ವಾರ ಹೋದ್ರ ಅದೇ ಶೇಡ್ ಸಿಗಲ್ಲ. ಗುರ್ತಿಗೆ ಸವೆದ ಬಿಳಿ ಸಾಬೂನಿನ ಚೂರು ಸಾಕು, ಒಗದ್ರ ಹೋಗ್ತದ. ಕವರ್, ಪರದೆಗೆ ದಾರ ಬಟ್ಟಿಗಿಂತ ಒಂದು ಶೇಡ್ ಡಾರ್ಕ್ ತಗೊಂಡ್ರ ಹೊಲಿಗಿ ಕಾಣಲ್ಲ. ಕೌದಿಗೆ ಮಾತ್ರ ನಾನು ಬಿಳಿ ದಾರಾನೇ ತಂದು ಕೊಟ್ಟೀನಿ, ಕಾಫಿ ಬಣ್ಣದ ಮ್ಯಾಲ ಅವ್ವನ ಕೈ ಹೊಲಿಗಿ ಸಾಲು ಸಾಲು ಕಾಣ್ಬೇಕು ಅಂತ.