ಕಾಫಿ ಕಣದ ಕತ್ತಲೆ, ಗೋದಾಮಿನ ಬಾಗಿಲ ಬಿಸಿಲು: ಒಂದು ಭದ್ರತಾ ಕ್ಯಾಮೆರಾದ ವಿಮರ್ಶೆ

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಭಾಗದ ನಮ್ಮ ತೋಟದಲ್ಲಿ ಕಳೆದ ಕೊಯ್ಲು ಆರಂಭವಾದಂದಿನಿಂದ ಈ ಮಳೆಗಾಲ ಮುಗಿಯುವವರೆಗೂ ಬಳಸಿದ ಒಂದು ಕ್ಯಾಮೆರಾವನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಇದು 4 ಮೆಗಾಪಿಕ್ಸೆಲ್‌ನ ಟರೆಟ್ (ಗಾಜಿನ ಗುಮ್ಮಟವಿಲ್ಲದ, ಚೆಂಡಿನಂತೆ ತಿರುಗಿಸಬಹುದಾದ) ಮಾದರಿ. ಬೆಳಕನ್ನು ಚಿತ್ರವಾಗಿಸುವ 1/1.8 ಇಂಚಿನ ಸೆನ್ಸರ್, ಎಫ್ 1.0ರ (ಈ ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಬೆಳಕು ಒಳಬರುತ್ತದೆ) 4 ಮಿ.ಮೀ. ಲೆನ್ಸ್, ಬಿಸಿಲು ನೆರಳುಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ 120 ಡೆಸಿಬಲ್ ಡಬ್ಲ್ಯೂಡಿಆರ್, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಮತ್ತು ಬಿಳಿ ದೀಪಗಳೆರಡೂ ಇದರಲ್ಲಿವೆ. ಇವೇ ಅಂಕಿಗಳಿರುವ ಕ್ಯಾಮೆರಾಗಳನ್ನು ಹಲವು ಕಂಪನಿಗಳು ಮಾರುವುದರಿಂದ, ಕೊಳ್ಳುವವರಿಗೆ ಹೆಸರಿಗಿಂತ ಈ ಅಂಕಿಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಗೋದಾಮಿನ ಬಾಗಿಲಿಗೂ ಕಾಫಿ ಒಣಗಿಸುವ ಕಣಕ್ಕೂ ಇದನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ; ತೋಟದ ಗೇಟಿಗೆ ಮಾತ್ರ ಇದು ಹೊಂದುವುದಿಲ್ಲ.

ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಿರುವ ಲಕ್ಸ್ (ಬೆಳಕಿನ ಅಳತೆ) ಸಂಖ್ಯೆಯನ್ನು ನೋಡಿ ಕ್ಯಾಮೆರಾ ಆರಿಸಬಾರದು. ಹುಣ್ಣಿಮೆಯ ಬೆಳದಿಂಗಳು ಸುಮಾರು ಕಾಲು ಲಕ್ಸ್ ಇರುತ್ತದೆ. ಅದರ ನೂರನೆಯ ಒಂದು ಭಾಗದಷ್ಟು ಬೆಳಕಿನಲ್ಲೂ ಬಣ್ಣದ ಚಿತ್ರ ಕೊಡುತ್ತೇವೆ ಎಂದು ಹೇಳಿಕೊಳ್ಳುವ ಕಂಪನಿಗಳು, ಆ ಚಿತ್ರಕ್ಕಾಗಿ ಶಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದನ್ನು ಸಾಮಾನ್ಯವಾಗಿ ಅಷ್ಟೇ ದಪ್ಪ ಅಕ್ಷರದಲ್ಲಿ ಹೇಳುವುದಿಲ್ಲ. ಸಹಜವಾಗಿ ನಡೆಯುವ ಮನುಷ್ಯ ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತಾನೆ. ಶಟರ್ 1/3 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಅವನು ಹತ್ತಿರ ಹತ್ತಿರ ಅರ್ಧ ಮೀಟರ್ ಮುಂದೆ ಹೋಗಿರುತ್ತಾನೆ. ಗೋಡೆ, ಗಿಡ, ಮೂಟೆಗಳೆಲ್ಲ ಸ್ಪಷ್ಟವಾಗಿರುತ್ತವೆ, ನಡೆದವನು ಮಾತ್ರ ಹೊಗೆಯಂತೆ ಅಳಿಸಿಹೋಗಿರುತ್ತಾನೆ. 1/100 ಸೆಕೆಂಡಿನಲ್ಲಾದರೆ ಅವನು ಸರಿಯುವುದು ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದದ್ದು ಸ್ಥಿರ ಚಿತ್ರವನ್ನಲ್ಲ, ಕತ್ತಲಲ್ಲಿ ಯಾರಾದರೂ ನಡೆದುಹೋಗುತ್ತಿರುವ ದೃಶ್ಯವನ್ನು.

ಶಟರನ್ನು ಬೇಗ ಮುಚ್ಚಿಯೂ ಚಿತ್ರ ಬೆಳಗಬೇಕೆಂದರೆ ಬೆಳಕು ಬೇರೆ ಕಡೆಯಿಂದ ಸಿಗಬೇಕು, ಅದು ಸಿಗುವುದು ಸೆನ್ಸರಿನ ಅಳತೆಯಿಂದ ಮತ್ತು ಲೆನ್ಸಿನಿಂದ. ನಮ್ಮ ಕಣದ ಪಕ್ಕದಲ್ಲಿ ಮೊದಲಿನಿಂದಲೂ 8 ಮೆಗಾಪಿಕ್ಸೆಲ್‌ನ, 1/2.8 ಇಂಚಿನ ಸೆನ್ಸರಿನ, ಎಫ್ 1.6ರ ಒಂದು ಕ್ಯಾಮೆರಾ ಇದೆ. ಹೋಲಿಕೆಗೆಂದು ಅದನ್ನು ತೆಗೆಯದೆ ಹಾಗೆಯೇ ಬಿಟ್ಟೆವು. ಅದರ ಒಂದೊಂದು ಪಿಕ್ಸೆಲ್ ಸುಮಾರು 1.45 ಮೈಕ್ರಾನ್, ಹೊಸದರದ್ದು 2.9 ಮೈಕ್ರಾನ್, ವಿಸ್ತೀರ್ಣದಲ್ಲಿ ಇದು ನಾಲ್ಕು ಪಟ್ಟು ಆಗುತ್ತದೆ. ಲೆನ್ಸಿನ ವ್ಯತ್ಯಾಸದಿಂದ ಇನ್ನೂ ಎರಡೂವರೆ ಪಟ್ಟು ಬೆಳಕು ಸೇರಿ, ಒಂದು ಪಿಕ್ಸೆಲಿಗೆ ಬೀಳುವ ಬೆಳಕು ಒಟ್ಟು ಹತ್ತು ಪಟ್ಟಿನಷ್ಟಾಗುತ್ತದೆ. ಹಗಲಿನಲ್ಲಿ ಹಳೆಯದರ ಚಿತ್ರವೇ ಹೆಚ್ಚು ಸೂಕ್ಷ್ಮವಾಗಿದೆ ಎಂಬುದನ್ನು ಒಪ್ಪಬೇಕು. ಆದರೆ ಸಂಜೆ ಏಳರ ನಂತರ ಅದರ ಪರದೆಯಲ್ಲಿ ಮರಳು ಹರಡಿದಂಥ ಚುಕ್ಕೆಗಳು ತುಂಬಿಕೊಂಡಾಗ, ಹೊಸದರಲ್ಲಿ ಕಣದ ಮೂಲೆಯ ಒಂದೇ ಬಲ್ಬಿನ ಬೆಳಕಿನಲ್ಲಿ ಟಾರ್ಪಾಲಿನ ನೀಲಿ ಬಣ್ಣವೂ ಹೊದಿಸಲು ಬಂದವರ ಮುಖವೂ ತಿಳಿಯುತ್ತಿದ್ದವು. ಎಫ್ 1.0 ಲೆನ್ಸಿಗೆ ಒಂದು ಮಿತಿಯಿದೆ: ದೂರದ ಕಣಕ್ಕೆ ಫೋಕಸ್ ಹೊಂದಿಸಿದರೆ ಕ್ಯಾಮೆರಾದ ತೀರ ಹತ್ತಿರ ನಿಂತವರು ಸ್ವಲ್ಪ ಮಸುಕಾಗಿ ಕಾಣುತ್ತಾರೆ.

ಗೋದಾಮಿನ ಬಾಗಿಲಿನ ಸಮಸ್ಯೆ ಬೇರೆ. ಡಿಸೆಂಬರ್, ಜನವರಿಯ ನಡುಹಗಲಿನಲ್ಲಿ ಸಿಮೆಂಟಿನ ಕಣದ ಮೇಲೆ ಬೀಳುವ ಬೆಳಕು ಒಂದು ಲಕ್ಷ ಲಕ್ಸಿನ ಹತ್ತಿರ ಹೋಗುತ್ತದೆ. ಹೊಸ್ತಿಲ ಒಳಗೆ, ಪಾರ್ಚ್‌ಮೆಂಟ್ (ಒಣಗಿಸಿದ, ಹೊಟ್ಟು ತೆಗೆಯದ ಕಾಫಿ ಬೀಜ) ಮೂಟೆಗಳ ನಡುವೆ ಅದು ಕೆಲವೇ ಹತ್ತು ಲಕ್ಸಿಗೆ ಇಳಿಯುತ್ತದೆ. ಒಳಗಿನಿಂದ ಬಾಗಿಲನ್ನು ನೋಡುವ ಸಾಧಾರಣ ಕ್ಯಾಮೆರಾಕ್ಕೆ ಬಾಗಿಲು ಬಿಳಿಯ ಚೌಕವಾಗಿಯೂ ಒಳಗೆ ಬಂದವರು ಕರಿಯ ನೆರಳಾಗಿಯೂ ಕಾಣುತ್ತಾರೆ. ನಿಜವಾದ ಡಬ್ಲ್ಯೂಡಿಆರ್ ಎಂದರೆ ಸೆನ್ಸರ್ ಒಂದೇ ದೃಶ್ಯವನ್ನು ಬೇಗ ಮುಚ್ಚುವ ಮತ್ತು ನಿಧಾನವಾಗಿ ಮುಚ್ಚುವ ಶಟರ್‌ಗಳಲ್ಲಿ ಸೆರೆಹಿಡಿದು, ಒಂದರಿಂದ ಬಿಸಿಲಿನ ಭಾಗವನ್ನೂ ಇನ್ನೊಂದರಿಂದ ನೆರಳಿನ ಭಾಗವನ್ನೂ ಆಯ್ದು ಕೂಡಿಸುವುದು. 120 ಡೆಸಿಬಲ್ ಎಂಬುದು ಹತ್ತು ಲಕ್ಷಕ್ಕೆ ಒಂದರ ಅಂತರವನ್ನು ಸೂಚಿಸುತ್ತದೆ. ಡಿಜಿಟಲ್ ಡಬ್ಲ್ಯೂಡಿಆರ್ ಅಥವಾ ಡಿಡಬ್ಲ್ಯೂಡಿಆರ್ ಎಂದು ಬರೆದಿರುವ ಅಗ್ಗದ ಮಾದರಿಗಳು ಒಂದೇ ಚಿತ್ರದ ಕಪ್ಪು ಭಾಗವನ್ನು ಎತ್ತಿ ತೋರಿಸುತ್ತವೆ ಅಷ್ಟೇ. ಸೆರೆಯೇ ಆಗದ ವಿವರವನ್ನು ಅವು ತರಲಾರವು.

ಈ ಕ್ಯಾಮೆರಾ ಬಾಗಿಲಿನಲ್ಲಿ ನನಗೆ ಪೂರ್ಣ ತೃಪ್ತಿ ಕೊಟ್ಟಿದೆ. ಮೂಟೆ ತೂಗುವಾಗ ತೋಟದ ಲೆಕ್ಕ ಬರೆಯುವ ನಮ್ಮ ರೈಟರ ಕೈಯಲ್ಲಿರುವ ಪುಸ್ತಕವೂ, ಅದೇ ಚಿತ್ರದಲ್ಲಿ ಹೊರಗೆ ಬಿಸಿಲಿನಲ್ಲಿ ನಿಂತ ಪಿಕಪ್ಪಿನ ಬಣ್ಣವೂ ಕಾಣುತ್ತವೆ. ವೇಗವಾಗಿ ಓಡಾಡುವವರ ಅಂಚಿನಲ್ಲಿ ಆಗಾಗ ತೆಳುವಾದ ಜೋಡಿ ನೆರಳು ಬರುವುದುಂಟು, ಎರಡು ಚಿತ್ರಗಳನ್ನು ಕೂಡಿಸುವ ವಿಧಾನದಲ್ಲಿ ಅದು ಇದ್ದದ್ದೇ. ಆದರೆ ರಾತ್ರಿ ಹೊತ್ತು ಡಬ್ಲ್ಯೂಡಿಆರ್ ನಿಲ್ಲಿಸಿರಬೇಕು, ಇಲ್ಲವಾದರೆ ಬೇಗ ಮುಚ್ಚುವ ಶಟರಿನ ಪಾಲಿನಿಂದಾಗಿ ಕತ್ತಲ ಚಿತ್ರದಲ್ಲಿ ಚುಕ್ಕೆಗಳು ಹೆಚ್ಚುತ್ತವೆ. ಹಗಲಿಗೊಂದು, ರಾತ್ರಿಗೊಂದು ಹೊಂದಾಣಿಕೆಯನ್ನು ಇದರಲ್ಲಿ ಬೇರೆ ಬೇರೆಯಾಗಿ ಉಳಿಸಿಡಬಹುದು. ಕೊಳ್ಳುವಾಗ ಈ ಸೌಲಭ್ಯ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು ಅಗತ್ಯ.

ಪೂರ್ಣ ಕತ್ತಲಲ್ಲಿ ಇನ್‌ಫ್ರಾರೆಡ್ ದೀಪ ಅನಿವಾರ್ಯ. ಮಲೆನಾಡಿನಲ್ಲಿ ಅದರ ಗುಣದೋಷಗಳನ್ನು ಬಯಲುಸೀಮೆಯ ಲೆಕ್ಕದಲ್ಲಿ ಅಳೆಯಲಾಗದು. ಹಸಿರೆಲೆಗಳು ಆ ಬೆಳಕನ್ನು ಹೀರಿಕೊಳ್ಳದೆ ಹೆಚ್ಚಿನಂಶ ಹಿಂದಕ್ಕೆ ಕಳಿಸುವುದರಿಂದ, ಕಾಫಿ ಗಿಡಗಳ ಸಾಲು ರಾತ್ರಿ ಪರದೆಯಲ್ಲಿ ಬೆಳ್ಳಗೆ ಹೊಳೆಯುತ್ತದೆ, ಅದರ ಮುಂದೆ ನಿಂತವರ ಮುಖ ಮಂಕಾಗುತ್ತದೆ. ಕ್ಯಾಮೆರಾದ ಹತ್ತಿರ ಒಂದು ಕೊಂಬೆ ಚಾಚಿಕೊಂಡಿದ್ದರೂ ಸಾಕು, ಅದರ ಹೊಳಪಿಗೆ ತಕ್ಕಂತೆ ಕ್ಯಾಮೆರಾ ಬೆಳಕನ್ನು ತಗ್ಗಿಸಿಕೊಂಡು ಉಳಿದದ್ದೆಲ್ಲ ಕಪ್ಪಾಗುತ್ತದೆ. ಬಟ್ಟೆಯ ಬಣ್ಣವನ್ನು ಇನ್‌ಫ್ರಾರೆಡ್ ಚಿತ್ರದಿಂದ ಹೇಳಲು ಹೋಗಲೇಬಾರದು, ಕಪ್ಪು ಶರ್ಟು ಕೂಡ ಬೂದು ಬಣ್ಣಕ್ಕೆ ತಿರುಗಿರಬಹುದು.

ಮಂಜು ಮತ್ತು ಜಡಿಮಳೆ ಇನ್ನೂ ಕಷ್ಟದ ಸಂಗತಿಗಳು. ಕ್ಯಾಮೆರಾದ ಮೈಯಲ್ಲೇ ಇರುವ ದೀಪದ ಬೆಳಕು ಲೆನ್ಸಿನ ಮುಂದಿನ ಹನಿಗಳಿಗೆ ಬಡಿದು ನೇರವಾಗಿ ಲೆನ್ಸಿಗೇ ಮರಳುತ್ತದೆ. ಜುಲೈನ ಹಲವು ರಾತ್ರಿಗಳಲ್ಲಿ ನಮಗೆ ಕಂಡದ್ದು ಬಿಳಿಯ ಪರದೆ ಮಾತ್ರ. ಬಿಳಿ ದೀಪ ಹಾಕಿದರೆ ಹುಳುಗಳು ಮುತ್ತಿ, ಅವನ್ನು ಹಿಡಿಯಲು ಜೇಡ ಬಲೆ ಕಟ್ಟಿ, ಆ ಬಲೆಯೇ ರಾತ್ರಿಯಿಡೀ ಚಲನೆಯ ಎಚ್ಚರಿಕೆ ಕಳಿಸುತ್ತದೆ. ಇದಕ್ಕೆ ನಾವು ಕಂಡುಕೊಂಡ ಪರಿಹಾರ ಸರಳವಾಗಿದೆ: ಕ್ಯಾಮೆರಾದ ದೀಪಗಳನ್ನು ಆರಿಸಿ, ಅಲ್ಲಿಂದ ಕೆಲವು ಮೀಟರ್ ಆಚೆ, ಪಕ್ಕದಿಂದ ಕಣಕ್ಕೆ ಬೆಳಕು ಬೀಳುವಂತೆ ಒಂದು ಎಲ್‌ಇಡಿ ದೀಪ ಹಾಕಿದ್ದೇವೆ. ಇಂಥ ಕಡಿಮೆ ಬೆಳಕೂ ಸಾಕಾಗುವುದೇ ದೊಡ್ಡ ಸೆನ್ಸರಿನ ನಿಜವಾದ ಲಾಭ. ಹಳೆಯ ಕ್ಯಾಮೆರಾಕ್ಕೆ ಇದೇ ಬೆಳಕು ಸಾಲುವುದಿಲ್ಲ. ಗುಮ್ಮಟದಂಥ ಗಾಜಿರುವ ಡೋಮ್ ಮಾದರಿಯನ್ನು ನಮ್ಮ ಹವೆಯಲ್ಲಿ ಹೊರಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಗಾಜಿನ ಮೇಲಿನ ತೇವ ಮತ್ತು ದೂಳು ಅದರದೇ ಇನ್‌ಫ್ರಾರೆಡ್ಡನ್ನು ಒಳಕ್ಕೆ ಚದುರಿಸುತ್ತವೆ.

ಗೇಟಿನಲ್ಲಿ ಇದು ಸೋತಿತು. ಎದುರಿನ ಹೆಡ್‌ಲೈಟನ್ನು ತಗ್ಗಿಸುವ ಎಚ್‌ಎಲ್‌ಸಿ ಸೌಲಭ್ಯ ಇದ್ದರೂ, ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಎಚ್‌ಎಸ್‌ಆರ್‌ಪಿ ನಂಬರ್ ಫಲಕಗಳು ಇನ್‌ಫ್ರಾರೆಡ್ಡಿನಲ್ಲಿ ಉರಿದು ಅಂಕಿಗಳು ಅಳಿಸಿಹೋಗುತ್ತವೆ. ನಂಬರ್ ಓದಲು ಶಟರನ್ನು 1/500 ಸೆಕೆಂಡಿಗೋ ಅದಕ್ಕಿಂತ ಕಡಿಮೆಗೋ ಇಳಿಸಬೇಕು. ಆಗ ಫಲಕ ಕಾಣುತ್ತದೆ, ಚಾಲಕ ಕಾಣುವುದಿಲ್ಲ. ಎರಡೂ ಕೆಲಸವನ್ನು ಒಂದೇ ಕ್ಯಾಮೆರಾ ಮಾಡಲಾರದು.

ಲೆನ್ಸಿನ ಅಳತೆಯೂ ಅಲ್ಲಿ ತಪ್ಪುತ್ತದೆ. ಅಪರಿಚಿತರೊಬ್ಬರ ಗುರುತು ಹಿಡಿಯಲು ದೃಶ್ಯದ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು, ಯಾರೋ ಇದ್ದಾರೆ ಎಂದು ತಿಳಿಯಲು 25 ಸಾಕು ಎಂದು ಭದ್ರತಾ ಕ್ಯಾಮೆರಾಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 62676-4ರ 2014ರ ಆವೃತ್ತಿ ಹೇಳಿತ್ತು. ಅಡ್ಡಕ್ಕೆ 2688 ಪಿಕ್ಸೆಲ್ ಇರುವ ಈ ಕ್ಯಾಮೆರಾ 4 ಮಿ.ಮೀ. ಲೆನ್ಸಿನಿಂದ ಮೊದಲಿನ ಮಟ್ಟವನ್ನು ಸುಮಾರು ಐದೂವರೆ ಮೀಟರಿನವರೆಗೆ ಮಾತ್ರ ಮುಟ್ಟುತ್ತದೆ. ಇದೇ ಸೆನ್ಸರಿಗೆ 12 ಮಿ.ಮೀ. ಲೆನ್ಸ್ ಹಾಕಿದರೆ ಅದು ಹದಿನಾರು ಮೀಟರಿನವರೆಗೆ ಹೋಗುತ್ತದೆ. ನಲವತ್ತು ಮೀಟರ್ ದೂರದ ಕಣವೆಲ್ಲ ಒಂದೇ ಕ್ಯಾಮೆರಾದಲ್ಲಿ ಕಾಣುತ್ತದೆ ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ, ಆದರೆ ಅಲ್ಲಿ ಕಾಣುವವರ ಮುಖ ಯಾವ ಪೊಲೀಸ್ ದೂರಿಗೂ ನೆರವಾಗದು.

ಕ್ಯಾಮೆರಾದ ವಿದ್ಯುತ್ತನ್ನೂ ಚಿತ್ರವನ್ನೂ ಒಟ್ಟಿಗೆ ಸಾಗಿಸುವ ಪಿಒಇ ತಂತಿ 100 ಮೀಟರ್ ದಾಟಬಾರದು. ಅದಕ್ಕಿಂತ ದೂರವಿದ್ದರೆ ಫೈಬರ್ ಎಳೆಸುವುದು ಲೇಸು, ಸಿಡಿಲಿನ ಆಘಾತವೂ ಅದರಲ್ಲಿ ಹರಿದುಬರುವುದಿಲ್ಲ. ಸ್ವಿಚ್ಚಿಗೂ ರೆಕಾರ್ಡರಿಗೂ ಯುಪಿಎಸ್ ಬೇಕೇ ಬೇಕು. ರಾತ್ರಿಯ ಚುಕ್ಕೆಗಳು ಹೆಚ್ಚಿದಷ್ಟೂ ರೆಕಾರ್ಡಿಂಗಿಗೆ ಹಿಡಿಯುವ ಜಾಗ ಹೆಚ್ಚುತ್ತದೆ. ಆ ಜಾಗ ಉಳಿಸಲೆಂದು ಬಿಟ್‌ರೇಟ್ (ಸೆಕೆಂಡಿಗೆ ದಾಖಲಾಗುವ ಮಾಹಿತಿಯ ಪ್ರಮಾಣ) ಬಿಗಿದರೆ ಮೊದಲು ಹಾಳಾಗುವುದು ಕತ್ತಲಲ್ಲಿರುವ ಮುಖವೇ.

ಇದನ್ನು ಚಿಕ್ಕಮಗಳೂರು ಪೇಟೆಯಲ್ಲೇ ಕೊಂಡೆವು. ಹಳೆಯದಕ್ಕಿಂತ ಸುಮಾರು ಎರಡು ಪಟ್ಟು ಬೆಲೆಯಾಯಿತು. ಕೊಡುವ ಮೊದಲು ಅಂಗಡಿಯವರು ತಮ್ಮ ಬಾಗಿಲಿನ ಷಟರ್ ಅರ್ಧ ಇಳಿಸಿ, ಒಳಗಿನ ದೀಪ ಆರಿಸಿ, ಹೊರಗಿನ ಬೀದಿಯ ಬಿಸಿಲನ್ನೂ ಒಳಗಿನ ಹುಡುಗನ ನಡಿಗೆಯನ್ನೂ ಒಟ್ಟಿಗೆ ತೋರಿಸಿದರು, ಎಲ್ಲ ಅಂಗಡಿಗಳಲ್ಲೂ ಇದನ್ನು ಕೇಳಬಹುದು. ಏಪ್ರಿಲ್ 2025ರಿಂದ ಕೇಂದ್ರ ಸರ್ಕಾರದ ಹೊಸ ಭದ್ರತಾ ನಿಯಮಗಳ ಪ್ರಕಾರ ಪರೀಕ್ಷೆಗೊಂಡ ಸಿಸಿಟಿವಿ ಕ್ಯಾಮೆರಾಗಳನ್ನಷ್ಟೇ ತಯಾರಿಸಿ ಮಾರಬೇಕಾಗಿರುವುದರಿಂದ, ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಕೊಡುವವರಿದ್ದರೆ ಪ್ರಮಾಣಪತ್ರವನ್ನು ಕೇಳಿ ನೋಡಬೇಕು. ಕೆಲಸಗಾರರ ಲೈನ್ ಮನೆಗಳ ಬಾಗಿಲು ಚಿತ್ರದೊಳಗೆ ಬರುತ್ತಿದ್ದ ಭಾಗವನ್ನು ನಾವು ಪ್ರೈವೆಸಿ ಮಾಸ್ಕಿನಿಂದ ಮುಚ್ಚಿದ್ದೇವೆ, ರೆಕಾರ್ಡಿಂಗಿನಲ್ಲೂ ಅದು ಮುಚ್ಚಿಯೇ ಇರುತ್ತದೆ. ಬರುವ ಕೊಯ್ಲಿಗೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪ್ ಹೌಸಿಗೆ ಇದೇ ಮಾದರಿಯ ಇನ್ನೊಂದನ್ನು, ಗೇಟಿಗೆ 12 ಮಿ.ಮೀ. ಲೆನ್ಸಿನ ಬೇರೊಂದನ್ನು ತರಿಸಲು ಹೇಳಿದ್ದೇನೆ.