ಸಂಜೆ ಕೆಲಸ ನಿಲ್ಲಿಸಲು ಕೊಂಡ ಮೇಜುದೀಪ: ಎರಡು ಮಳೆಗಾಲಗಳ ಬಳಕೆಯ ನಂತರ

ಬೆಳಕಿನ ಬಣ್ಣ ಬದಲಿಸಬಹುದಾದ ಈ ಎಲ್‌ಇಡಿ ಮೇಜುದೀಪವನ್ನು ನಾನು ಕೊಂಡದ್ದು ಸಂಜೆ ಕೆಲಸ ನಿಲ್ಲಿಸುವ ಸಲುವಾಗಿ. ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಮಲಗುವ ಕೋಣೆಯ ಮೂಲೆಯೇ ಕಚೇರಿಯಾಗಿರುವುದರಿಂದ, ಎದ್ದು ಹೊರಡಲು ಬೇರೆ ಬಾಗಿಲಿಲ್ಲ. ದೀಪದ ವ್ಯಾಟು, ಎತ್ತರಗಳನ್ನು ಮಾರಾಟದ ಪುಟದಲ್ಲಿ ಎಲ್ಲರೂ ನೋಡಿರುತ್ತಾರೆ.

ಆರೂವರೆಯ ಹೊತ್ತಿಗೆ, ಉಳಿದ ಕೆಲಸಗಳಲ್ಲಿ ಯಾವುದನ್ನು ಎಲ್ಲಿಂದ ಹಿಡಿಯಬೇಕೆಂಬುದನ್ನು ಡೈರಿಯ ಮರುದಿನದ ಪುಟದಲ್ಲಿ ಬರೆದಿಡುತ್ತೇನೆ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿರುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ 1927ರಲ್ಲಿಯೇ ಬರೆದಿದ್ದರು. ಎಲ್ಲರ ಮಾತು ಹೇಗೋ, ನನಗಂತೂ ಉತ್ತರಿಸದ ಇಮೇಲು ಊಟದ ತಟ್ಟೆಯ ಮುಂದೆಯೇ ನೆನಪಾಗುತ್ತದೆ. ಬಳಿಕ ಲ್ಯಾಪ್‌ಟಾಪ್ ಮುಚ್ಚಿ, ಚಾರ್ಜರಿನ ವೈರನ್ನು ಸುತ್ತಿ ಡ್ರಾಯರಿಗೆ ಹಾಕಿ, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೊನೆಗೆ ದೀಪದ ಬುಡದ ಮೇಲೆ ಬೆರಳೊತ್ತಿ 6500 ಕೆಲ್ವಿನ್ನಿನ ಬಿಳುಪಿನಿಂದ 2700ರ ಹಳದಿಗೆ ಇಳಿಸುತ್ತೇನೆ. ಬಣ್ಣ ಒಮ್ಮೆಲೇ ಬದಲಾಗದೆ ನಿಧಾನವಾಗಿ ಇಳಿಯುತ್ತದೆ, ಅಲ್ಲಿಯವರೆಗೆ ಬೆರಳು ತೆಗೆಯುವಂತಿಲ್ಲ. ಕೊಳ್ಳುವಾಗ ಎಣಿಸಿರದ ಸುಖವಿದು.

ಇಷ್ಟು ಜಾಣತನದ ದೀಪಕ್ಕೆ ನೆನಪೇ ಇಲ್ಲ. ಕರೆಂಟ್ ಹೋಗಿ ಬಂದರೆ, ಆರಿಸಿಟ್ಟಿದ್ದರೂ ಸಹ, ಅದು ಪೂರ್ಣ ಪ್ರಖರತೆಯ ಬಿಳಿ ಬೆಳಕಿನಲ್ಲಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ದೇಹದ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ಕಣ್ಣಿನ ಕೋಶಗಳು ಸುಮಾರು 480 ನ್ಯಾನೊಮೀಟರಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ, ಹಳದಿಯಲ್ಲಿ ಆ ನೀಲಿಯ ಪಾಲು ಕಡಿಮೆ ಎಂಬ ಆಧಾರದ ಮೇಲೆಯೇ ಮಾರಾಟವಾಗುವ ದೀಪವೊಂದು, ಮುಂಗಾರಿಗೆ ಮುಂಚಿನ ಗುಡುಗು ಮಳೆಯ ರಾತ್ರಿಗಳಲ್ಲಿ ಮಲಗಿದವರ ಮುಖಕ್ಕೆ ನಟ್ಟನಡು ಹಗಲಿನ ಬೆಳಕು ಸುರಿಯುವುದು ಯಾವ ನ್ಯಾಯ? ವಿಚಾರಿಸಿದರೆ, ಅದು ದೋಷವಲ್ಲ, ವಿನ್ಯಾಸವೇ ಹಾಗೆ ಎಂಬ ಉತ್ತರ ಬಂತು. ನನ್ನ ಹೆಂಡತಿ ದೀಪಕ್ಕೆ ‘ಮ್ಯಾನೇಜರು’ ಎಂದು ಹೆಸರಿಟ್ಟಿದ್ದಾಳೆ.

ಈಗ ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನೂ ಆರಿಸುತ್ತೇನೆ, ಸಿಟ್ಟು ಅಷ್ಟರಮಟ್ಟಿಗೆ ಇಳಿದಿದೆ. ಸಂಜೆಯ ಹೊತ್ತು ಕರೆಂಟ್ ಹೋದರೆ ಮಾತ್ರ ಮತ್ತೆ ಬೆರಳೊತ್ತಿ ನಿಲ್ಲಬೇಕು. ಯುಪಿಎಸ್ ಇರುವ ಮನೆಗಳಿಗೆ ಈ ಪ್ರಶ್ನೆಯೇ ಏಳದು, ಅವರು ಧಾರಾಳವಾಗಿ ಕೊಳ್ಳಬಹುದು. ಇಲ್ಲದವರು ಒತ್ತುವ ಸ್ವಿಚ್ಚಿನ ಸಾಧಾರಣ ಮೇಜುದೀಪಕ್ಕೆ 2700 ಕೆಲ್ವಿನ್ನಿನ ಬಲ್ಬು ಹಾಕಿ ಸಂಜೆಗೆಂದೇ ಇಟ್ಟುಕೊಳ್ಳಲಿ: ಖರ್ಚೂ ಕಡಿಮೆ, ಆರಿಸಿದರೆ ಆರಿಯೇ ಇರುತ್ತದೆ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ನಕ್ಷತ್ರ, ಅದರಲ್ಲೊಂದು ಆ ನಿಧಾನದ ಇಳಿಕೆಗೆ.