660 ಎದುರು 880: ನ್ಯೂಯಾರ್ಕಿನ ಎರಡು ಕ್ರೀಡಾ ರೇಡಿಯೊಗಳ ಜೊತೆ ನನ್ನ ಪಾಡು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ಯಾನ್‌ಗೆ. ನ್ಯೂಯಾರ್ಕ್ ಸುತ್ತಮುತ್ತ ಡಬ್ಲ್ಯುಎಫ್‌ಎಎನ್ ಎಂದು ಪೂರ್ತಿ ಹೇಳುವವರು ಕಡಿಮೆ. 660 ಎಎಂ ಮತ್ತು 101.9 ಎಫ್‌ಎಂ ಎರಡರಲ್ಲೂ ಬರುವ ಈ ನಿಲಯ ಇಲ್ಲಿಯವರಿಗೆ ಬರೀ ಫ್ಯಾನ್. ಎದುರಾಳಿ ಇಎಸ್‌ಪಿಎನ್ ನ್ಯೂಯಾರ್ಕ್, ಈಗ ಇರುವುದು 880 ಎಎಂನಲ್ಲಿ. ನಡುವೆ ಕೆಲವು ತಿಂಗಳು ದುಡ್ಡು ಕೊಟ್ಟು ಉಪಗ್ರಹ ರೇಡಿಯೊವನ್ನೂ ಕೇಳಿದ್ದೇನೆ. ನ್ಯೂಜೆರ್ಸಿಯ ಎಡಿಸನ್‌ನಿಂದ ಕೆಲಸಕ್ಕೆ ಹೋಗಿಬರುವಾಗ ಕಾರಿನಲ್ಲಿ, ರಾತ್ರಿ ಪಾತ್ರೆ ತೊಳೆಯುವಾಗ ಅಡುಗೆಮನೆಯಲ್ಲಿ, ಇಷ್ಟೇ ನಾನು ರೇಡಿಯೊ ಕೇಳುವ ಹೊತ್ತು. ನನ್ನ ಹೋಲಿಕೆಯೂ ಅಷ್ಟರ ಮಟ್ಟಿನದೇ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವಂತೆ ಮಾಡಿದ್ದು ಹೊಸ ವಿದ್ಯುತ್ ಕಾರು. ಓಡಿಸಲು ಸೊಗಸಾಗಿದೆ, ಪೆಟ್ರೋಲ್ ಖರ್ಚಿಲ್ಲ, ಆದರೆ ಅದರ ರೇಡಿಯೊದಲ್ಲಿ ಎಎಂ ಇಲ್ಲ. ಕೆಟ್ಟುಹೋಗಿರುವುದಲ್ಲ, ತಯಾರಿಸಿದವರು ಇಟ್ಟೇ ಇಲ್ಲ. ಮೋಟಾರು, ಇನ್ವರ್ಟರುಗಳು ಎಬ್ಬಿಸುವ ವಿದ್ಯುತ್ಕಾಂತೀಯ ಗದ್ದಲ ಎಎಂ ತರಂಗಗಳ ಮೇಲೆಯೇ ಬಂದು ಕೂರುತ್ತದೆ. ಅದಕ್ಕೆ ಕವಚ ಹಾಕುವ ಖರ್ಚಿಗಿಂತ ಎಎಂ ಅನ್ನೇ ಕೈಬಿಡುವುದು ಅಗ್ಗವೆಂದು ಕೆಲವು ತಯಾರಕರು ತೀರ್ಮಾನಿಸಿದ್ದಾರೆ. ತುರ್ತು ಸಂದರ್ಭದಲ್ಲಿ ಜನರಿಗೆ ಸುದ್ದಿ ತಲುಪಬೇಕು, ಆದ್ದರಿಂದ ಎಲ್ಲ ಹೊಸ ಕಾರುಗಳಲ್ಲೂ ಎಎಂ ಇರಲೇಬೇಕು ಎಂಬ ಮಸೂದೆ 2023ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಯಿತು. ನನ್ನ ಕಾರು ಅದಕ್ಕೆ ಕಾಯಲಿಲ್ಲ.

ಟ್ರಾನ್ಸಿಸ್ಟರನ್ನೇ ಪಕ್ಕದ ಸೀಟಿನ ಮೇಲಿಟ್ಟು ನೋಡಿದೆ. ಕಾರು ನಿಂತಿರುವಾಗ 880ರಲ್ಲಿ ಬೇಸ್‌ಬಾಲ್ ಪಂದ್ಯದ ಮಾತು ಅಲ್ಪಸ್ವಲ್ಪ ಕೇಳುತ್ತದೆ. ಪೆಡಲ್ ಒತ್ತಿದೊಡನೆ ಕುಂಯ್ ಎಂಬ ಸದ್ದು ಏಳುತ್ತದೆ. ವೇಗ ಹೆಚ್ಚಿದಂತೆ ಅದರ ಸ್ವರವೂ ಏರುತ್ತದೆ, ಬ್ರೇಕ್ ಹಾಕಿದರೆ ಇಳಿಯುತ್ತದೆ. ಬ್ಯಾಟಿಗೆ ನಿಂತವನು ಯಾರೆಂಬುದು ಕೇಳದಿದ್ದರೂ ನಾನು ಎಷ್ಟು ವೇಗದಲ್ಲಿ ಹೋಗುತ್ತಿದ್ದೇನೆಂಬುದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ಉಳಿದದ್ದು ಮೊಬೈಲಿನ ಆ್ಯಪ್. ಧ್ವನಿ ನಿಚ್ಚಳ, ಗೊರಗೊರ ಇಲ್ಲ. ಆದರೆ ತಡ. ಅಂತರ್ಜಾಲದಲ್ಲಿ ಧ್ವನಿಯನ್ನು ತುಂಡುತುಂಡು ಮಾಡಿ, ಕೂಡಿಟ್ಟು, ಆಮೇಲೆ ಕಳಿಸುತ್ತಾರೆ. ಅದು ನನ್ನ ಕಿವಿಗೆ ಬೀಳುವ ಹೊತ್ತಿಗೆ ಮೈದಾನದಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚು ಕಳೆದಿರುತ್ತದೆ. ಬೇಸ್‌ಬಾಲ್ ನಿಧಾನದ ಆಟ, ಏನು ಮಹಾ ಎನ್ನಬೇಡಿ. 2023ರಿಂದ ಅಲ್ಲಿ ಪಿಚ್ ಗಡಿಯಾರ ಬಂದಿದೆ: ಓಟಗಾರರು ಓಡಿ ನಿಲ್ಲುವ ಬೇಸ್‌ಗಳು ಖಾಲಿ ಇದ್ದರೆ ಪಿಚರ್ 15 ಸೆಕೆಂಡುಗಳೊಳಗೆ ಎಸೆಯಲೇಬೇಕು, ಓಟಗಾರ ನಿಂತಿದ್ದರೆ ಈಗ 18. ಅಂದರೆ ನಾನು ಸುಮಾರು ಎರಡು ಎಸೆತದಷ್ಟು ಹಳೆಯ ಆಟ ಕೇಳುತ್ತಿರುತ್ತೇನೆ.

ನನ್ನ ಭಾವಮೈದುನ ಕ್ವೀನ್ಸ್‌ನಲ್ಲಿದ್ದಾನೆ. ನ್ಯೂಯಾರ್ಕಿನ ಬೇಸ್‌ಬಾಲ್ ತಂಡ ಮೆಟ್ಸ್‌ನ ಭಕ್ತ, ಅಡುಗೆಮನೆಯ ಕಿಟಕಿಯಲ್ಲಿ ಎಎಂ ರೇಡಿಯೊ ಇಟ್ಟುಕೊಂಡಿದ್ದಾನೆ. ನನ್ನ ಆ್ಯಪ್‌ನಲ್ಲಿ ಪಿಚರ್ ಇನ್ನೂ ಚೆಂಡು ತಿರುವುತ್ತಿರುವಾಗಲೇ ಕಾರಿನ ಪರದೆಯ ಮೇಲೆ ಅವನ ಸಂದೇಶ ಬಂದು ಬೀಳುತ್ತದೆ: "ಭಾವ, ಹೋಯಿತು!" ಹೋದದ್ದು ಚೆಂಡೋ ಪಂದ್ಯವೋ ಎಂಬ ಸಣ್ಣ ಕುತೂಹಲವಷ್ಟೇ ನನ್ನ ಪಾಲಿಗೆ ಉಳಿಯುತ್ತದೆ. "ಒಂದು ನಿಮಿಷ ತಡೆದು ಕಳಿಸಪ್ಪ" ಎಂದರೆ, "ನೀವೇ ಒಂದು ನಿಮಿಷ ಮುಂದೆ ಬನ್ನಿ ಭಾವ" ಎನ್ನುತ್ತಾನೆ. ಸಂದೇಶಗಳನ್ನು ಮುಚ್ಚಿಡೋಣವೆಂದರೆ ಅದೇ ಹೊತ್ತಿಗೆ ಮನೆಯಿಂದ ಹಾಲು, ಮೊಸರಿನ ಪಟ್ಟಿ ಬರುತ್ತಿರುತ್ತದೆ.

ಈ ತಡಕ್ಕೆ ಒಂದು ಉಪಯೋಗವೂ ಇದೆ, ಅದನ್ನು ಮರೆಮಾಚಬಾರದು. ಟಿವಿಯ ಸದ್ದು ಅಡಗಿಸಿ ರೇಡಿಯೊ ವಿವರಣೆ ಕೇಳುವ ಚಟ ನನ್ನಂತೆ ನಿಮಗೂ ಇದ್ದರೆ, ನೇರ ಎಎಂ ಟಿವಿಗಿಂತ ಮುಂದೆ ಓಡುತ್ತದೆ, ಹಿಡಿದು ನಿಲ್ಲಿಸಲಾಗದು. ಆ್ಯಪ್ ಆದರೆ ಟಿವಿಗಿಂತ ಹಿಂದೆ. ಟಿವಿಯನ್ನು ಅಷ್ಟು ಹೊತ್ತು ತಡೆಹಿಡಿದರೆ ಎರಡೂ ಜೊತೆಯಾಗುತ್ತವೆ. ಜಾಲ ಒಮ್ಮೆ ತಪ್ಪಿ ಮತ್ತೆ ಸಿಕ್ಕಿತೆಂದರೆ ಆ ಲೆಕ್ಕವೂ ಹಾಳು.

ಫ್ಯಾನ್‌ನಲ್ಲಿ ಈ ತಾಪತ್ರಯವೇ ಇಲ್ಲ. 2012ರ ನವೆಂಬರಿನಿಂದ 101.9 ಎಫ್‌ಎಂನಲ್ಲೂ ಅದೇ ಕಾರ್ಯಕ್ರಮ ಬರುತ್ತಿದೆ, ಕಾರಿನಲ್ಲಿ ಅದನ್ನು ಹಾಕಿದರೆ ಆಯಿತು. ಇಎಸ್‌ಪಿಎನ್ ಹೋದದ್ದು ಉಲ್ಟಾ ದಾರಿ. 2012ರಲ್ಲಿ 98.7 ಎಫ್‌ಎಂ ಅನ್ನು ಗುತ್ತಿಗೆಗೆ ಹಿಡಿದು ಹನ್ನೆರಡು ವರ್ಷ ಅಲ್ಲಿದ್ದು, 2024ರ ಆಗಸ್ಟ್ ಕೊನೆಗೆ ಗುತ್ತಿಗೆ ಮುಗಿಸಿ 880 ಎಎಂಗೆ ಬಂದಿತು. ಕಾರುಗಳಿಂದ ಎಎಂ ಉದುರುತ್ತಿರುವ ಕಾಲದಲ್ಲಿ ಎಫ್‌ಎಂ ಬಿಟ್ಟು ಎಎಂಗೆ! ಬಾಡಿಗೆಯ ಲೆಕ್ಕ ಅವರಿಗೆ ಸರಿಹೋಗಿರಬಹುದು, ನನಗಲ್ಲ.

ಈ ಎರಡರ ಜಾತಕ ಬಿಚ್ಚಿದರೆ ಗಂಟುಗಳೇ ಹೆಚ್ಚು. ಫ್ಯಾನ್ ಹುಟ್ಟಿದ್ದು 1987ರ ಜುಲೈ 1ರಂದು, 660ರಲ್ಲಲ್ಲ, 1050 ಎಎಂನಲ್ಲಿ. ಅಲ್ಲಿದ್ದ ಹಳ್ಳಿಗಾಡಿನ ಸಂಗೀತದ ಡಬ್ಲ್ಯುಎಚ್‌ಎನ್ ನಿಲಯವನ್ನು ಎತ್ತಿ ಇಡೀ ದಿನ ಕ್ರೀಡೆಯ ಮಾತೇ ಎಂದು ಸಾರಿದರು. ಮೊದಲು ನಷ್ಟವೇ ನಷ್ಟ. ಕೈಹಿಡಿದದ್ದು ಎರಡು ಸಂಗತಿಗಳು. 1988ರ ಅಕ್ಟೋಬರ್ 7ರಂದು ಡಬ್ಲ್ಯುಎನ್‌ಬಿಸಿ ಮುಚ್ಚಿದಾಗ ಅದರ 660 ಜಾಗವೂ ಬೆಳಗಿನ ಡಾನ್ ಐಮಸ್ ಕಾರ್ಯಕ್ರಮವೂ ಒಟ್ಟಿಗೆ ದಕ್ಕಿದವು. 1989ರಲ್ಲಿ ಮೈಕ್ ಫ್ರಾನ್ಸೆಸಾ ಮತ್ತು ಕ್ರಿಸ್ ರೂಸೊ ಮಧ್ಯಾಹ್ನದ ಹೊತ್ತಿನ ಜಗಳಗಂಟ ಜೋಡಿಯಾಗಿ ಬಂದು 2008ರವರೆಗೆ ನಡೆಸಿದರು. 1992ರಲ್ಲಿ ನಿಲಯ ಮಾರಾಟವಾದದ್ದು 7 ಕೋಟಿ ಡಾಲರಿಗೆ. ಇಎಸ್‌ಪಿಎನ್ 2001ರಲ್ಲಿ ಊರಿಗೆ ಬಂದು ತಳವೂರಿದ್ದು ಎಲ್ಲಿ? ಫ್ಯಾನ್ ಬಿಟ್ಟುಬಂದಿದ್ದ ಅದೇ 1050ರಲ್ಲಿ.

ತಂಡಗಳೂ ಮನೆ ಅದಲುಬದಲು ಮಾಡಿಕೊಂಡಿವೆ. 2013ರವರೆಗೆ ಮೆಟ್ಸ್ ಪಂದ್ಯ 660ರಲ್ಲಿ, ಊರಿನ ಇನ್ನೊಂದು ಬೇಸ್‌ಬಾಲ್ ತಂಡ ಯಾಂಕೀಸ್‌ನ ಪಂದ್ಯ 880ರಲ್ಲಿ. 2014ರಲ್ಲಿ ಯಾಂಕೀಸ್ 660ಕ್ಕೆ ಬಂದಿತು. ಮೆಟ್ಸ್ 710ರಲ್ಲಿ ಐದು ವರ್ಷ ಕಳೆದು 2019ರಲ್ಲಿ 880 ಸೇರಿತು. ಆಗ 880 ಇಡೀ ದಿನ ಸುದ್ದಿ ಓದುವ ನಿಲಯವಾಗಿತ್ತು.

ಅಡುಗೆಮನೆಯ ಟ್ರಾನ್ಸಿಸ್ಟರಿನಲ್ಲಿ ಇಬ್ಬರೂ ಸಮ. ಎರಡೂ 50 ಕಿಲೋವಾಟ್‌ನವು, ಎರಡರ ಪ್ರಸಾರವೂ ಬ್ರಾಂಕ್ಸ್‌ನ ಹೈ ಐಲ್ಯಾಂಡ್ ಎಂಬ ಪುಟ್ಟ ದ್ವೀಪದ ಒಂದೇ ಗೋಪುರದಿಂದ. 1967ರ ಆಗಸ್ಟಿನಲ್ಲಿ 880 ಸುದ್ದಿ ನಿಲಯವಾಗಲು ಹೊರಟಾಗ, ಹಿಂದಿನ ದಿನವೇ ಸಣ್ಣ ವಿಮಾನವೊಂದು ಬಡಿದು ಅಲ್ಲಿನ ಗೋಪುರ ನೆಲಕ್ಕುರುಳಿತ್ತು. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ಅಡ್ಡ ಮೈ ಗೋಪುರದ ಕಡೆಗೆ ಬರುವಂತೆ ರೇಡಿಯೊ ತಿರುಗಿಸಿ, ಸಿಂಕಿನ ಮೇಲಿನ ಎಲ್‌ಇಡಿ ದೀಪ ಆರಿಸಿದರೆ 660, 880 ಎರಡೂ ಗಟ್ಟಿಯಾಗಿ ಕೇಳುತ್ತವೆ. ದೀಪ ಹಾಕಿದರೆ ಎರಡೂ ಜೀರುಂಡೆ.

ಪಂದ್ಯದ ವಿವರಣೆಗೆ ಬಂದರೆ 880ರ ಕೈ ಮೇಲು. ಮೆಟ್ಸ್ ವಿವರಣೆಕಾರ ಹೋವಿ ರೋಸ್ ಮಾತಿನಲ್ಲಿ ಮೈದಾನ ಕಣ್ಣಿಗೆ ಕಾಣುತ್ತದೆ, ಚೆಂಡು ಎಲ್ಲಿ, ಓಟಗಾರ ಎಲ್ಲಿ ಎಂದು ಕೇಳುಗ ತಡಕಾಡಬೇಕಿಲ್ಲ. ಫ್ಯಾನ್‌ನ ಯಾಂಕೀಸ್ ಪಂದ್ಯಗಳಲ್ಲಿ ಜಾಹೀರಾತು ಎಲ್ಲಿ ಮುಗಿದು ಆಟ ಎಲ್ಲಿ ಶುರುವಾಯಿತೆಂದು ಹುಡುಕಬೇಕು. ಆದರೂ 1987ರಲ್ಲಿ ಈ ನಿಲಯದಿಂದ ಮೊದಲು ಕೇಳಿಬಂದ ದನಿಯಾದ ಸೂಜಿನ್ ವಾಲ್ಡ್‌ಮನ್, 2005ರಿಂದ ಯಾಂಕೀಸ್ ವಿವರಣೆಯ ಪೆಟ್ಟಿಗೆಯಲ್ಲಿ ಕುಳಿತಿದ್ದಾರೆ. ಆ ನಿಷ್ಠೆಗಾದರೂ ನನಗೆ ಸ್ವಲ್ಪ ಪಕ್ಷಪಾತವಿದೆ.

ಮಾತಿನ ಕಾರ್ಯಕ್ರಮಗಳಲ್ಲಿ ಫ್ಯಾನ್ ನನಗೆ ಹೆಚ್ಚು ಹಿಡಿಸುತ್ತದೆ. ಕರೆ ಮಾಡಿದವನನ್ನು ಅಲ್ಲಿ ಬೈಯುತ್ತಾರೆ, ಆದರೆ ಪೂರ್ತಿ ಮಾತಾಡಲು ಬಿಡುತ್ತಾರೆ. ಟ್ರಕ್ ಓಡಿಸುವವನು ಪಿಚರ್‌ನ ಮೊಣಕೈ ಬಗ್ಗೆ ವೈದ್ಯನಂತೆ ತೀರ್ಪು ಕೊಡುತ್ತಾನೆ. ಇಎಸ್‌ಪಿಎನ್‌ನಲ್ಲಿ ನಿರೂಪಕರೇ ತಮ್ಮ ತಮ್ಮಲ್ಲಿ ನಗುವುದು ಜಾಸ್ತಿ. ಚಳಿಗಾಲದಲ್ಲಿ ನಿಕ್ಸ್ ಬಾಸ್ಕೆಟ್‌ಬಾಲ್ ಬೇಕಾದವರು ಮಾತ್ರ ಅಲ್ಲಿಗೇ ಹೋಗಬೇಕು.

ಕ್ರಿಕೆಟ್ ಎರಡರಲ್ಲೂ ದಂಡ. 2024ರ ಜೂನ್ 9ರಂದು ಪಕ್ಕದ ಲಾಂಗ್ ಐಲ್ಯಾಂಡಿನಲ್ಲಿ ಭಾರತ 119 ರನ್ ಹೊಡೆದು ಪಾಕಿಸ್ತಾನವನ್ನು 6 ರನ್‌ಗಳಿಂದ ಸೋಲಿಸಿತು. ಮರುದಿನ ಬೆಳಿಗ್ಗೆ ಕಾರಿನಲ್ಲಿ ನಾನು ಕೇಳಿದಷ್ಟು ಹೊತ್ತೂ ಯಾಂಕೀಸ್–ಡಾಡ್ಜರ್ಸ್ ಸರಣಿಯದೇ ಚರ್ಚೆ.

ಉಪಗ್ರಹ ರೇಡಿಯೊದಲ್ಲಿ ಎಲ್ಲ ತಂಡಗಳ ವಿವರಣೆಯೂ ಸಿಗುತ್ತದೆ, ರೂಸೊ ಕೂಡ 2008ರಿಂದ ಅಲ್ಲಿಯೇ ಕೂಗಾಡುತ್ತಿದ್ದಾರೆ. ಆದರೆ ತಿಂಗಳು ತಿಂಗಳು ಚಂದಾ. ಗಾಳಿಯಲ್ಲಿ ಬಿಟ್ಟಿ ಬರುವುದಕ್ಕೆ ದುಡ್ಡು ಕೊಡುವ ಜಾಯಮಾನ ನನ್ನದಲ್ಲ, ನಿಲ್ಲಿಸಿದೆ.

ಹಾಗಾಗಿ ಕಾರಿನಲ್ಲಿ 101.9, ಅಡುಗೆಮನೆಯಲ್ಲಿ 660, ಮೆಟ್ಸ್ ಗೆಲ್ಲುತ್ತಿರುವ ರಾತ್ರಿ ಮಾತ್ರ 880. ಎಎಂ ಇರುವ ಪೆಟ್ರೋಲ್ ಕಾರು ನಿಮ್ಮಲ್ಲಿದ್ದು, ನೀವು ಮೆಟ್ಸ್ ಕಡೆಯವರಾಗಿದ್ದರೆ ಇದೇ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಭಾವಮೈದುನನದು ಅಂಥ ಕಾರೇ. ಮಾರುವ ಯೋಚನೆ ಇದೆಯೇ ಎಂದು ಕೇಳಿದ್ದೇನೆ, ಇನ್ನೂ ಉತ್ತರ ಕೊಟ್ಟಿಲ್ಲ.